ಬಾಗಿಲಲ್ಲಿ ತಿರುಗಿ ನೋಡಿದವನು

ಹೊಲಿಗೆ ಯಂತ್ರ ರಿಪೇರಿ ಮಾಡುವ ಆ ಮನುಷ್ಯನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇತ್ತು, ಇಲ್ಲವೆಂದಲ್ಲ. ಆದರೆ ಓಣಿಯಲ್ಲಿ ಅದು ಯಾರಿಗೂ ಬೇಕಿರಲಿಲ್ಲ. ಎಲ್ಲರ ಬಾಯಲ್ಲೂ ಅವನು ಮೈಲಾರ್ಡ್. ಕಾರಣ ಅವನ ಒಳಕೋಣೆಯಲ್ಲಿತ್ತು. ನೆಲದಿಂದ ಸೂರಿನವರೆಗೆ ಮುನ್ನೂರ ಹನ್ನೆರಡು ವಿಡಿಯೋ ಕ್ಯಾಸೆಟ್ಟುಗಳು, ಒಂದೊಂದರಲ್ಲೂ ಟೀವಿಯಲ್ಲಿ ಎಂದೋ ಬಂದುಹೋದ ಕೋರ್ಟು ಧಾರಾವಾಹಿಗಳು. ಕೊಲೆ ಕೇಸು, ಉಯಿಲಿನ ಕೇಸು, ಬಾವಿಗೆ ಬಿದ್ದವಳ ಕೇಸು. ಮಕ್ಕಳಿಲ್ಲದ ಮನೆಯಲ್ಲಿ ಇವೇ ಮಕ್ಕಳು ಎಂದು ಅತ್ತಿಗೆ ಹಂಗಿಸಿದರೆ, "ಇವು ಎದುರು ಮಾತಾಡಲ್ಲ ನೋಡಿ" ಎಂದು ನಗುತ್ತಿದ್ದ.

ಅರ್ಧಕ್ಕರ್ಧ ಅವನೇ ಟೀವಿಯಿಂದ ಹಿಡಿದದ್ದು. ಜಾಹೀರಾತು ಬಂದ ಕೂಡಲೇ ನಿಲ್ಲಿಸಿ, ಮುಗಿದ ಕೂಡಲೇ ಒತ್ತಬೇಕು, ಅದಕ್ಕಾಗಿ ಗುಂಡಿಯ ಮೇಲೆ ಬೆರಳಿಟ್ಟು ತಾಸುಗಟ್ಟಲೆ ಕೂರುತ್ತಿದ್ದ. ಉಳಿದದ್ದು ಮುಚ್ಚಿಹೋದ ಕ್ಯಾಸೆಟ್ ಲೈಬ್ರರಿಗಳಿಂದ ಗೋಣಿಚೀಲದಲ್ಲಿ ಹೊತ್ತು ತಂದದ್ದು. ಅವುಗಳಲ್ಲಿ ಮುಕ್ಕಾಲು ಪಾಲಿಗೆ ಬೂಷ್ಟು ಹಿಡಿದಿರುತ್ತಿತ್ತು. ಬಿಳಿ ಪುಡಿ ಮೆತ್ತಿಕೊಂಡ ಆ ಟೇಪನ್ನು ಹಾಗೇ ಹಾಕಿದರೆ ಕ್ಯಾಸೆಟ್ ಓಡಿಸುವ ಯಂತ್ರವೂ ಕೆಟ್ಟಿತು, ಟೇಪೂ ಹರಿಯಿತು. ಸ್ಕ್ರೂ ಬಿಚ್ಚಿ, ಸ್ಪಿರಿಟ್ಟಿನಲ್ಲಿ ಅದ್ದಿದ ಮೆತ್ತನೆ ಬಟ್ಟೆಯ ನಡುವೆ ಟೇಪನ್ನು ಗೇಣು ಗೇಣಾಗಿ ಎಳೆಯಬೇಕು. ಈ ಕೆಲಸ ಹೆಂಡತಿಯದು. ಅವಳ ಬೆರಳು ಸಣ್ಣ, ತಾಳ್ಮೆ ದೊಡ್ಡದು. ಒರೆಸಿದ ಮೇಲೆ ಒಮ್ಮೆ ಓಡಿಸಿ, ಚಿತ್ರ ನೆಟ್ಟಗಿದೆಯೋ ನೋಡಿ, ಕಪಾಟಿಗೆ ಸೇರಿಸುವವಳೂ ಅವಳೇ.

ಅವನಿಗೆ ಆ ನಾಟಕಗಳಲ್ಲಿ ವಕೀಲರಿಗಿಂತ ಸಾಕ್ಷಿಗಳ ಮೇಲೆ ಕಣ್ಣು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುವ ಸಾಕ್ಷಿ ಬಂದರೆ ಉರಿದುಬೀಳುತ್ತಿದ್ದ. "ಇವನೊಬ್ಬ ಸಾಕ್ಷಿನಾ? ಕಂಡಿದ್ದನ್ನ ಕಂಡ ಹಾಗೆ ಹೇಳೋಕೆ ಏನು ರೋಗ?" ಪಾಪ, ಸುಲಭ ಅಂದುಕೊಂಡಿದ್ದ.

ಓಣಿಯ ಆಚೆ ಬದಿಗೆ ಬಟ್ಟೆಯ ಗೋದಾಮು. ಒಂದು ಸಂಜೆ, ದೀಪ ಹಚ್ಚುವ ಹೊತ್ತಿಗೆ, ಅದರ ಕಾವಲುಗಾರ ಮೆಟ್ಟಿಲ ಕೆಳಗೆ ಸತ್ತುಬಿದ್ದಿದ್ದ. ತಲೆ ಒಡೆದಿತ್ತು. ಯಾರೋ ತಳ್ಳಿದ್ದರು. ಕಿಟಕಿಯ ಪಕ್ಕ ಕೂತು ಯಂತ್ರವೊಂದಕ್ಕೆ ಎಣ್ಣೆ ಬಿಡುತ್ತಿದ್ದ ಮೈಲಾರ್ಡ್ ಒಬ್ಬ ಗಂಡಸು ಹೊರಬಂದದ್ದನ್ನು ನೋಡಿದ್ದ. ಅದನ್ನೇ ಇನ್ಸ್‌ಪೆಕ್ಟರಿಗೆ ಹೇಳಿದ. "ಬೆನ್ನು ಮಾತ್ರ ಕಂಡಿತು ಸಾರ್. ಉದ್ದ ಆಳು."

ಇನ್ಸ್‌ಪೆಕ್ಟರ್ ಒಂದು ಫೋಟೋ ಮುಂದೆ ಹಿಡಿದ. ಓಣಿಗೆ ಸೈಕಲ್ಲಿನಲ್ಲಿ ಬ್ರೆಡ್ ತರುವವನು. ಹಿಂದಿನ ವಾರ ಸೈಕಲ್ ನಿಲ್ಲಿಸುವ ಜಾಗಕ್ಕೆ ಅವನಿಗೂ ಕಾವಲುಗಾರನಿಗೂ ಕೈ ಕೈ ಮಿಲಾಯಿಸಿತ್ತು. "ಇವನೇ ಇರಬಹುದಾ? ಈಗಲೇ ಹೇಳಬೇಕು ಅಂತಿಲ್ಲ. ಮನೇಲಿ ಕೂತು ನಿಧಾನವಾಗಿ ನೆನಪು ಮಾಡ್ಕೊಳ್ಳಿ."

ಅವನು ಮನೆಯಲ್ಲಿ ಕೂತ. ನಿಧಾನವಾಗಿ ನೆನಪೂ ಮಾಡಿಕೊಂಡ. ಹೇಗೆ ಅಂತೀರಿ? ದಿನಕ್ಕೆ ಎರಡೆರಡು ಕ್ಯಾಸೆಟ್ ಹಾಕಿಕೊಂಡು! ಸತ್ತವನ ಮುಖ ಮರೆಯಲು ಅವನಿಗೆ ಬೇರೆ ದಾರಿ ಗೊತ್ತಿರಲಿಲ್ಲ. ಎಂಟನೆಯ ದಿನ ಊಟದ ನಡುವೆ ಕೈ ನಿಲ್ಲಿಸಿ ಹೆಂಡತಿಗೆ ಹೇಳಿದ, "ಲೇ, ಅವನು ಕೈಗೆ ಕರವಸ್ತ್ರ ಸುತ್ಕೊಂಡಿದ್ದ ಕಣೇ. ಈಗ ಹೊಳೀತು." ಎರಡು ದಿನ ಬಿಟ್ಟು ಇನ್ನಷ್ಟು ಹೊಳೆಯಿತು. ಹೊರಬಂದವನು ಬಾಗಿಲಲ್ಲಿ ನಿಂತು ಒಮ್ಮೆ ತಿರುಗಿ ನೋಡಿದ್ದ. ಮುಖ ಬ್ರೆಡ್ಡಿನವನದೇ. ಹೋಗಿ ಇನ್ಸ್‌ಪೆಕ್ಟರಿಗೆ ಹೇಳಿದ, ಬ್ರೆಡ್ಡಿನವನನ್ನು ಹಿಡಿದು ಒಳಗೆ ಹಾಕಿದರು.

ಕೋರ್ಟಿನಲ್ಲಿ ಅವನು ಸಾಕ್ಷಿ ಹೇಳಿದ ದಿನ ಇಡೀ ಓಣಿಯೇ ಹೋಗಿತ್ತು. ಕಟಕಟೆಯಲ್ಲಿ ಎದೆ ಸೆಟೆಸಿ ನಿಂತವನನ್ನು ನೋಡಿದರೆ ಹುಟ್ಟಿದ್ದೇ ಅಲ್ಲಿ ಅನ್ನಬೇಕು. ಬ್ರೆಡ್ಡಿನವನ ಪರ ಇದ್ದ ವಕೀಲ ಹೊಸಬ, ಒಂದು ದಿನವೂ ಓಣಿಗೆ ಕಾಲಿಟ್ಟವನಲ್ಲ.

"ಕತ್ತಲಾಗ್ತಾ ಇತ್ತು ಅಂತೀರಿ. ಅಷ್ಟು ದೂರದಿಂದ ಮುಖ ಹೇಗೆ ಕಂಡಿತು?"

"ಬಾಗಿಲ ಮೇಲೆ ದೀಪ ಇತ್ತು, ಸ್ವಾಮಿ. ಅವನು ತಿರುಗಿದಾಗ ಎಡಗೆನ್ನೆ ಪೂರ್ತಿ ಬೆಳಕಿಗೆ ಬಂತು. ಬಲಗೈಗೆ ಬಿಳಿ ಕರವಸ್ತ್ರ ಸುತ್ತಿದ್ದ. ಎಲ್ಲಿ ಬೇಕಾದರೂ ಪ್ರಮಾಣ ಮಾಡ್ತೀನಿ."

ವಕೀಲ ಮತ್ತೆ ಮತ್ತೆ ಕೆದಕಿದ, ಇವನು ಒಂದಕ್ಷರ ಅಲುಗಲಿಲ್ಲ. ಕೇಳುತ್ತಿದ್ದ ಓಣಿಯವರಿಗೂ ಆ ದೀಪ ಅಲ್ಲಿ ಇದ್ದೇ ಇದೆ ಅನ್ನಿಸಿತು. ಪಾಟೀಸವಾಲು ಮುಗಿದಾಗ ಹಿಂದಿನ ಬೆಂಚಿನಲ್ಲಿದ್ದ ಬ್ರೆಡ್ಡಿನವನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಎದ್ದುಹೋದಳು. ತೀರ್ಪು ಮುಂದಿನ ತಿಂಗಳಿಗೆ ಎಂದರು. ಬೇರೆ ಸಾಕ್ಷಿ ಇಲ್ಲ. ಆದರೆ ಇದೊಂದೇ ಸಾಕು, ಜೀವಾವಧಿ ಖಂಡಿತ ಎಂದು ಸರ್ಕಾರಿ ವಕೀಲ ಇವನ ಬೆನ್ನು ತಟ್ಟಿದ.

ತೀರ್ಪಿಗೆ ಇನ್ನು ನಾಲ್ಕು ದಿನ ಇದ್ದಾಗ ಹೆಂಡತಿ ಒಂದು ಕ್ಯಾಸೆಟ್ ಒರೆಸಿ, ಓಡಿಸಿ ನೋಡುತ್ತಿದ್ದಳು. ಬೂಷ್ಟು ಮತ್ತೆ ಬಂದಿದೆ ಎಂದು ಅವನೇ ಕಪಾಟಿನಿಂದ ತೆಗೆದಿಟ್ಟದ್ದು. ನೋಡನೋಡುತ್ತ ಅವಳು ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟಳು.

"ರೀ, ಸ್ವಲ್ಪ ಬನ್ನಿ ಇಲ್ಲಿ."

"ಏನೇ? ಟೇಪು ಹರೀತಾ?"

"ಹರಿದಿದ್ರೆ ಚೆನ್ನಾಗಿತ್ತು. ಕೂತ್ಕೊಳ್ಳಿ."

ಟೀವಿಯಲ್ಲಿ ಮುಸ್ಸಂಜೆ. ಒಂದು ಕಟ್ಟಡದ ಬಾಗಿಲು, ಅದರ ಮೇಲೆ ದೀಪ. ಉದ್ದನೆಯ ಆಳೊಬ್ಬ ಹೊರಬಂದ. ಬಲಗೈಗೆ ಬಿಳಿ ಕರವಸ್ತ್ರ. ಬಾಗಿಲಲ್ಲಿ ನಿಂತ, ತಿರುಗಿ ನೋಡಿದ, ಎಡಗೆನ್ನೆ ಬೆಳಕಿಗೆ ಬಂತು. ಯಾರೋ ನಟ. ಬ್ರೆಡ್ಡಿನವನಿಗೂ ಅವನಿಗೂ ಏನೇನೂ ಹೋಲಿಕೆ ಇಲ್ಲ.

ಮೈಲಾರ್ಡ್ ಮೂರು ಸಲ ಹಿಂದಕ್ಕೆ ತಿರುಗಿಸಿ ನೋಡಿದ. ನಾಲ್ಕನೆಯ ಸಲಕ್ಕೆ ಟೀವಿ ಆರಿಸಿಬಿಟ್ಟ. "ಕೇಸು ಕೇಸು ಒಂದೇ ಥರ ಇರ್ತಾವೆ ಕಣೇ. ಕಾಕತಾಳೀಯ."

ಹೆಂಡತಿ ಕಿಟಕಿ ತೆರೆದಳು. "ಗೋದಾಮಿನ ಬಾಗಿಲ ಮೇಲೆ ದೀಪ ಎಲ್ಲಿದೆ, ತೋರಿಸ್ರೀ."

ಅಲ್ಲಿ ತುಕ್ಕು ಹಿಡಿದ ಬೋರ್ಡು ಬಿಟ್ಟರೆ ಏನೂ ಇರಲಿಲ್ಲ. ಇಪ್ಪತ್ತು ವರ್ಷದಿಂದ ದಿನಾ ನೋಡುತ್ತಿದ್ದ ಬಾಗಿಲು. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂದು ಹಿರಿಯರು ಹೇಳಿದ್ದು ಸುಮ್ಮನೆಯಲ್ಲ. ಇವನಂತೂ ಕಾಣದ್ದನ್ನು ಕಂಡೆ ಎಂದು ಪ್ರಮಾಣ ಮಾಡಿ ಬಂದಿದ್ದ. ಕಣ್ಣು ಮುಚ್ಚಿ ಆ ಸಂಜೆಯನ್ನು ಎಳೆದು ತರಲು ನೋಡಿದ. ಬಾಗಿಲು ಬಂತು, ದೀಪ ಬಂತು, ನಟ ಬಂದ, ಅವನ ಹೆಗಲ ಮೇಲೆ ಬ್ರೆಡ್ಡಿನವನ ತಲೆ ಬಂತು. ನಿಜವಾಗಿ ಕಂಡದ್ದು ಏನೆಂಬುದು ಮಾತ್ರ ಬರಲಿಲ್ಲ. ಅವನಿಗೆ ತನ್ನ ತಲೆಯ ಬಗ್ಗೆಯೇ ಭಯವಾಯಿತು.

"ನಾಳೆ ಹೋಗಿ ಹೇಳಿಬಿಡಿ" ಎಂದಳು ಹೆಂಡತಿ.

ಮರುದಿನ ಸರ್ಕಾರಿ ವಕೀಲನ ಕಚೇರಿಗೆ ಹೋಗಿ ಹೇಳಿದ. ವಕೀಲ ಫೈಲು ಮುಚ್ಚಿದ, ಎದ್ದುಹೋಗಿ ಬಾಗಿಲನ್ನೂ ಮುಚ್ಚಿ ಬಂದ. ಗದರಲಿಲ್ಲ. ಗದರಿದ್ದರೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲವೇನೋ.

"ಪ್ರಮಾಣ ಮಾಡಿ ಒಂದು ಹೇಳಿದೀರಿ. ಈಗ ಇನ್ನೊಂದು ಹೇಳ್ತೀರಿ. ಎರಡರಲ್ಲಿ ಒಂದು ಸುಳ್ಳು ತಾನೇ? ಸುಳ್ಳು ಸಾಕ್ಷಿಗೆ ಎಷ್ಟು ವರ್ಷ ಅಂತ ನಿಮಗೇ ಗೊತ್ತಿರಬೇಕಲ್ಲ, ಅಷ್ಟೊಂದು ಕ್ಯಾಸೆಟ್ ಇಟ್ಟಿದೀರಂತೆ. ಟೀವಿಲಿ ನೋಡಿದ್ದನ್ನ ಹೇಳಿಬಿಟ್ಟೆ ಅಂದ್ರೆ ಯಾರು ನಂಬ್ತಾರೆ? ದುಡ್ಡು ತಿಂದು ತಿರುಗಿಬಿದ್ದ ಅಂತಾರೆ. ಮನೆಗೆ ಹೋಗಿ ಮಲಗಿ ರಾಯರೇ. ಇನ್ನು ಮೂರು ದಿನ ಬಾಯಿ ಮುಚ್ಕೊಂಡಿರಿ."

ಅವನು ಮನೆಗೆ ಬಂದು ಮಲಗಿದ. ಹೌದು, ಮಲಗಿಯೇ ಬಿಟ್ಟ. ಬೈಯಬೇಕು ಅನಿಸುತ್ತದೆ ಅಲ್ಲವೇ? ಹೆಂಡತಿ ಬೈಯಲಿಲ್ಲ. ಊಟಕ್ಕೆ ಬಡಿಸಿ ಒಳಗೆ ಹೋದಳು. ರಿಪೇರಿಗೆ ಬಂದ ಯಂತ್ರಗಳು ಬಾಗಿಲ ಬಳಿಯೇ ಉಳಿದವು. ಓಣಿಯಲ್ಲಿ ಯಾರ ಬೂಟಿನ ಸದ್ದಾದರೂ ಪೊಲೀಸರೆಂದು ಅವನು ಮುಸುಕೆಳೆದುಕೊಳ್ಳುತ್ತಿದ್ದ. ಹೀಗೆ ಒಂದು ದಿನ ಹೋಯಿತು, ಎರಡನೆಯ ದಿನವೂ ಹೋಯಿತು.

ತೀರ್ಪಿನ ಹಿಂದಿನ ದಿನ, ಮಧ್ಯಾಹ್ನ, ಬ್ರೆಡ್ಡಿನವನ ಹೆಂಡತಿ ಬಾಗಿಲಿಗೆ ಬಂದಳು. ಅಳಲಿಲ್ಲ, ಶಾಪ ಹಾಕಲಿಲ್ಲ. ಮೈಲಾರ್ಡನ ಹೆಂಡತಿ ಕೊಟ್ಟ ನೀರನ್ನು ಕುಡಿದು ಲೋಟವನ್ನು ಕೈಯಲ್ಲೇ ಹಿಡಿದುಕೊಂಡು ಕೂತಳು.

"ಬೇಡಿಕೊಳ್ಳೋಕೆ ಬಂದಿಲ್ಲ ಅಣ್ಣಾ. ಒಂದು ಮಾತು ಕೇಳಿ ಹೋಗ್ತೀನಿ. ಮದುವೆ ಆಗಿ ಹನ್ನೊಂದು ವರ್ಷ, ಅವರು ಒಂದು ದಿನ ಸುಳ್ಳು ಹೇಳಿದ್ದು ನಾ ಕಾಣೆ. ನಾ ಆ ಹೊತ್ತಲ್ಲಿ ಬೇಕರಿ ಹಿಂದೆ ಮಲಗಿದ್ದೆ ಕಣೇ ಅಂತ ಹೇಳ್ತಾನೇ ಇದ್ದರು. ನಾನೂ ನಂಬಿದ್ದೆ. ಅವತ್ತು ನೀವು ಕಟಕಟೇಲಿ ನಿಂತು ಹೇಳಿದಿರಲ್ಲ, ದೀಪ, ಕರವಸ್ತ್ರ, ಎಡಗೆನ್ನೆ... ಅಷ್ಟು ಚೆನ್ನಾಗಿ ಯಾರೂ ಸುಳ್ಳು ಹೇಳೋಕಾಗಲ್ಲ ಅನ್ನಿಸಿಬಿಡ್ತು. ನಿಜವಾಗಿ ನೋಡಿದ್ರಾ?"

ಮೈಲಾರ್ಡ್ ಗೋಡೆ ನೋಡಿದ. ಸರ್ಕಾರಿ ವಕೀಲ ಮುಚ್ಚಿದ ಬಾಗಿಲು ಕಣ್ಣಮುಂದೆ ಬಂತು. ಹೌದಮ್ಮ ಎಂದರೆ ಮುಗಿಯಿತು. ಅಡುಗೆಮನೆಯ ಹೊಸ್ತಿಲಲ್ಲಿ ಹೆಂಡತಿ ನಿಂತಿದ್ದಳು.

"ಇಲ್ಲ ತಾಯಿ" ಎಂದ. "ಬೆನ್ನು ಕಂಡಿದ್ದೆ, ಅಷ್ಟೇ. ಮುಖ ನೋಡಲಿಲ್ಲ. ಅಲ್ಲಿ ದೀಪಾನೇ ಇಲ್ಲ."

ಅವಳು ಲೋಟವನ್ನು ನೆಲಕ್ಕಿಟ್ಟಳು.

"ನಿಮ್ಮ ಮಾತು ನಂಬಿ" ಎಂದಳು, "ಮೊನ್ನೆ ಜೈಲಿಗೆ ಹೋಗಿ ಅವರ ಮುಖಕ್ಕೆ ಉಗಿದು ಬಂದೆನಲ್ಲಣ್ಣಾ. ಅವರು ಒರೆಸಿಕೊಳ್ಳಲೂ ಇಲ್ಲ. ಸುಮ್ಮನೆ ನೋಡ್ತಾ ನಿಂತ್ಕೊಂಡ್ರು."

ಮೈಲಾರ್ಡ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. "ಹೇಳಿದ್ರೆ ನನ್ನನ್ನ ಒಳಗೆ ಹಾಕ್ತಾರಮ್ಮ."

"ಹಾಕಲಿ" ಎಂದಳು ಅವಳು. "ಏಳಿ ಮೇಲೆ, ಕೋರ್ಟಿಗೆ ಹೋಗೋಣ."

ಅವನ ಹೆಂಡತಿ ಕಿಟಕಿ ಮುಚ್ಚಿ, ಬೀಗ ಹುಡುಕತೊಡಗಿದಳು. ಅವನು ಕೂತೇ ಇದ್ದ. ಬ್ರೆಡ್ಡಿನವನ ಹೆಂಡತಿ ರಟ್ಟೆ ಹಿಡಿದು ಎಬ್ಬಿಸಿದಳು, ಬೀದಿ ದಾಟುವವರೆಗೂ ಆ ಹಿಡಿತ ಬಿಡಲಿಲ್ಲ.