ಪೆನ್ ಡ್ರೈವಿಗೆ ಹಚ್ಚಿದ ವಿಭೂತಿ

ಮಕ್ಕಳೇ, ನಿಮ್ಮ ಕತ್ರಿಗುಪ್ಪೆ ಅಜ್ಜಿಯ ಮೇಲೆ ನನಗೆ ಹೊಟ್ಟೆಕಿಚ್ಚು. ಬಾಯಿಬಿಟ್ಟು ಹೇಳಲು ನಾಚಿಕೆ, ಅದಕ್ಕೇ ಬರೆಯುತ್ತಿದ್ದೇನೆ. ಅವರು ನಿಮ್ಮ ಅಮ್ಮನ ತಾಯಿ, ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂತು ನಿವೃತ್ತರಾದವರು. ನಾನು ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸಿಗೆ ನಿಲ್ಲಿಸಿದವಳು.

ನಿಮ್ಮ ಅಕ್ಕನಿಗೆ ಪ್ರೋಗ್ರಾಮಿಂಗಿಗೆಂದು ಲ್ಯಾಪ್‌ಟಾಪ್ ಕೊಳ್ಳಬೇಕಿತ್ತು. ಅಂಗಡಿಯಿಂದ ಬರುವಾಗಲೇ ಇರುವ ವಿಂಡೋಸ್ ಬೇಡ, ಅದರ ಬದಲು ಕಂಪ್ಯೂಟರ್ ನಡೆಸುವ ಇನ್ನೊಂದು ವ್ಯವಸ್ಥೆ, ಲಿನಕ್ಸ್ ಬೇಕು ಅಂದಳು. ಎಲ್ಲ ಲ್ಯಾಪ್‌ಟಾಪೂ ಅದಕ್ಕೆ ಒಗ್ಗುವುದಿಲ್ಲವಂತೆ. ಕೆಲವದರಲ್ಲಿ ವೈಫೈ ಸಿಗುವುದಿಲ್ಲ, ಕೆಲವದರಲ್ಲಿ ಸದ್ದೇ ಬರುವುದಿಲ್ಲ. ಒಂದು ವಾರ ದಿನಾ ಸಂಜೆ ಫೋನಿನಲ್ಲಿ ಕತ್ರಿಗುಪ್ಪೆ ಅಜ್ಜಿಯನ್ನೇ ಕೇಳಿದಳು. ಮೂರು ತಿಂಗಳ ಕೂಸಿನಿಂದ ಅವಳಿಗೆ ಎಣ್ಣೆ ಹಚ್ಚಿ ನೀರೆರೆದ ನಾನು ಪಕ್ಕದಲ್ಲೇ ಅವರೆಕಾಯಿ ಬಿಡಿಸುತ್ತ ಕೂತಿದ್ದೆ. ನನ್ನನ್ನು ಕೇಳಿದ್ದು ಒಂದೇ, ಕಾಫಿ ಇದೆಯಾ ಅಂತ.

ಅಂಗಡಿಗೆ ಹೋಗುವ ಬೆಳಿಗ್ಗೆ ಒಂದು ಪೆನ್ ಡ್ರೈವ್ ಕೊಟ್ಟು, ಜೋಪಾನವಾಗಿಡು ಎಂದು ಸ್ನಾನಕ್ಕೆ ಹೋದಳು. ಲಿನಕ್ಸ್ ಅದರೊಳಗಿದೆಯಂತೆ. ಅಂಗಡಿಯಲ್ಲೇ ಸಿಕ್ಕಿಸಿ ನೋಡಿದರೆ, ಒಗ್ಗುತ್ತದೋ ಇಲ್ಲವೋ ಕೊಳ್ಳುವ ಮೊದಲೇ ತಿಳಿಯುತ್ತದೆ. ಕೊನೆಗೂ ನನ್ನ ಪಾಲಿಗೆ ಒಂದು ಕೆಲಸ ಬಂತು. ಅದನ್ನು ದೇವರ ಮುಂದಿಟ್ಟು, ಮೂರು ಬೆರಳಲ್ಲಿ ಒದ್ದೆ ವಿಭೂತಿ ಬಳಿದು, ಹೂವಿಟ್ಟೆ. ಹೊರಡುವಾಗ ಸೆರಗಿನಲ್ಲಿ ಒರೆಸಿ ಕೊಟ್ಟೆ. ಯಾರೂ ಕರೆಯದಿದ್ದರೂ ಸೀರೆ ಬದಲಿಸಿಕೊಂಡು ನಾನೂ ಹೊರಟೆ.

ಜಯನಗರದ ಅಂಗಡಿಗೆ ಕತ್ರಿಗುಪ್ಪೆ ಅಜ್ಜಿ ಆಗಲೇ ಬಂದಿದ್ದರು. ಅಕ್ಕ ಆಸೆಪಟ್ಟಿದ್ದು ತೆಳ್ಳನೆಯ, ಬೂದುಬಣ್ಣದ ಲ್ಯಾಪ್‌ಟಾಪು. ಪೆನ್ ಡ್ರೈವ್ ಸಿಕ್ಕಿಸಿ ಆನ್ ಮಾಡಿದರೆ ಬಂದದ್ದು ವಿಂಡೋಸೇ. ತೆಗೆದು ಮತ್ತೆ ಸಿಕ್ಕಿಸಿದಳು, ಆಗಲೂ ಅದೇ. ಇದು ಲಿನಕ್ಸಿಗೆ ಒಗ್ಗುವುದಿಲ್ಲ, ನಾನು ಮೊದಲೇ ಹೇಳಿದ ದಪ್ಪದ್ದನ್ನೇ ತಗೋ, ಅದರಲ್ಲಿ ಲಿನಕ್ಸ್ ಓಡುವುದನ್ನು ಕಣ್ಣಾರೆ ನೋಡಿದ್ದೇನೆ ಎಂದರು ಬೀಗಿತ್ತಿ. ಅಕ್ಕ ಮುಖ ಸಣ್ಣದು ಮಾಡಿಕೊಂಡು ತಲೆಯಾಡಿಸಿದಳು.

ಅವಳು ಪೆನ್ ಡ್ರೈವ್ ಕಿತ್ತಾಗ ಅದರ ಬಾಯಲ್ಲಿ ಬೆಳ್ಳಗೆ ಕಂಡಿತು. ಒಣಗಿದ ವಿಭೂತಿ.

ಹೇಳಿದರೆ ಬೀಗಿತ್ತಿಯ ಮುಂದೆ ಮಾನ ಹೋಗುತ್ತದೆ. ಹೇಳದಿದ್ದರೆ ನನ್ನ ಮೊಮ್ಮಗಳು ಬೇಡದ ಭಾರವನ್ನು ವರ್ಷಗಟ್ಟಲೆ ಕಾಲೇಜಿಗೆ ಹೊರುತ್ತಾಳೆ. ನಿಜ ಹೇಳಬೇಕೆಂದರೆ ನನ್ನ ಬಾಯಿ ಬಿಡಿಸಿದ್ದು ಆ ಕರುಣೆಯಲ್ಲ. ಆ ದಪ್ಪದ್ದನ್ನು ಎಲ್ಲರೂ ಕತ್ರಿಗುಪ್ಪೆ ಅಜ್ಜಿ ಆರಿಸಿದ ಲ್ಯಾಪ್‌ಟಾಪ್ ಅಂತಾರಲ್ಲ, ಆ ಸಂಕಟ.

"ಅದರೊಳಗೆ ವಿಭೂತಿ ಹೋಗಿದೆ. ಹಚ್ಚಿದ್ದು ನಾನೇ," ಅಂದೆ.

ಅಂಗಡಿಯವರು ಆ ಕಡೆ ತಿರುಗಿ ನಕ್ಕರು. ಬೀಗಿತ್ತಿ ಮಾತ್ರ ಕನ್ನಡಕ ಸರಿಮಾಡಿಕೊಂಡು ನನ್ನ ಸೆರಗಿನ ಪಿನ್ನು ಕೇಳಿ ಪಡೆದು, ಅದರ ತುದಿಯಿಂದ ಕೆದಕಿ, ಊದಿ, ಮತ್ತೆ ಕೆದಕಿ ಕೊಟ್ಟರು. ಈ ಸಲ ಲಿನಕ್ಸ್ ಬಂತು. ವೈಫೈಯೂ ಸಿಕ್ಕಿತು, ಸದ್ದೂ ಕೇಳಿತು.

"ದೇವರೇ ವಿಂಡೋಸ್ ಕಡೆ ಅಂದ್ಕೊಂಡಿದ್ದೆ ಬೀಗರೇ. ನೀವಾ ಅದು?" ಅಂದರು. ನನಗೂ ನಗು ಬಂತು. ಅವರ ಮಾತಿಗೆ ನಕ್ಕೆನಲ್ಲ ಎಂದು ಆಮೇಲೆ ಸಿಟ್ಟೂ ಬಂತು.

ಮನೆಗೆ ಬಂದು ಅಕ್ಕ ಬೂದುಬಣ್ಣದ ಹೊಸ ಲ್ಯಾಪ್‌ಟಾಪನ್ನು ತಾನಾಗಿಯೇ ದೇವರ ಮುಂದಿಟ್ಟಳು. "ನೀನೇ ಹಚ್ಚು ಅಜ್ಜಿ. ಮುಚ್ಚಳದ ಮೇಲೆ ಮಾತ್ರ."

ಹಚ್ಚಿದೆ. ಎಲ್ಲ ಸರಿಯಾಗಿ ಓಡುತ್ತಿದೆ ಎಂದು ತಿಳಿಸಲು ಅವಳು ಕತ್ರಿಗುಪ್ಪೆಗೆ ಫೋನ್ ಮಾಡಿದಳು. ನನ್ನ ಪಕ್ಕದಲ್ಲೇ ಕೂತು, ಅರ್ಧ ಗಂಟೆ ಮಾತಾಡಿದಳು. ಗಡಿಯಾರ ನೋಡಿದ್ದೇನೆ.