ಮೂರನೇ ಪಾಳಿಯ ಎಡಗಾಲು

ಕಳೆದ ಭಾನುವಾರ ಬೆಳಿಗ್ಗೆ ಹತ್ತೂವರೆಗೆ, ಕರೂರು ಕೈಗಾರಿಕಾ ಪ್ರದೇಶದ ಒಂದು ತಗಡಿನ ಶೆಡ್ಡಿನಲ್ಲಿ ನಾನು ಒಂದು ಮಾತು ಆಡಿದೆ.

"ವೀರೇಶ, ನಿನ್ನ ಎಡಗಾಲು ತಡ ಆಗ್ತೈತೆ."

ಐದೇ ಪದ. ಅಷ್ಟಕ್ಕೇ ಹನ್ನೆರಡು ವರ್ಷದ ಗೆಳೆತನವೊಂದು ಎದ್ದು ಸ್ಕೂಟರ್ ಏರಿ ಹೊರಟುಹೋಯಿತು.

ನಾನು ರಾತ್ರಿ ಒಂಬತ್ತಕ್ಕೆ ಮಲಗಿ ಬೆಳಗಿನ ನಾಲ್ಕೂವರೆಗೆ ಏಳುವವನು ಎಂಬುದು ನಿಮಗೆ ಗೊತ್ತು. (ಈ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೋ!) ನಾನು ದುಡಿದ ಬಟ್ಟೆ ಗಿರಣಿ ಮುಚ್ಚಿದರೂ ಅದರ ಸೈರನ್ ನನ್ನ ತಲೆಯೊಳಗೆ ಇನ್ನೂ ಕೂಗುತ್ತದೆ. ಈ ವಾರ ಮಾತ್ರ ಹೊತ್ತಿಗೆ ಸರಿಯಾಗಿ ನಿದ್ದೆ ಬಂದಿಲ್ಲ, ಹೊತ್ತಿಗೆ ಸರಿಯಾಗಿ ಹಸಿವೂ ಆಗಿಲ್ಲ. ಸೋಮವಾರ ಕ್ಷೌರಕ್ಕೆ ಕುಳಿತು ಅರ್ಧಕ್ಕೇ ಏಳಲು ಹೋದೆ. ಮಂಗಳವಾರ ನೀರಿನ ಪಂಪ್ ಹಾಕಿ ಮರೆತೆ. ಹೀಗಾಗಿ ಈ ವಾರ ಬೇರೆ ಯಾವ ವಿಷಯವೂ ಬರೆಯಲು ಬರುತ್ತಿಲ್ಲ. ಇದನ್ನೇ ಬರೆಯುತ್ತೇನೆ.

ವೀರೇಶ ಯಾರು? ಗಿರಣಿಯಲ್ಲಿ ನಮ್ಮ ಮಗ್ಗದ ಶೆಡ್ಡಿನಲ್ಲಿ ಮೂರನೇ ಪಾಳಿಯಲ್ಲಿ ನೇಯುತ್ತಿದ್ದ ಒಬ್ಬರ ಮಗ. ಆನೆಕೊಂಡದಲ್ಲಿ ನಮ್ಮ ಮನೆಯಿಂದ ಎರಡನೆಯ ಮನೆ. ಈಗ ಕರೂರಿನಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದಾನೆ. ಕಾಲೇಜಿನ ದಿನಗಳಲ್ಲಿ ಅವನೂ, ಹರಿಹರದ ರಾಜಶೇಖರನೂ, ಮಂಜುನಾಥ ಎಂಬ ಮಾತು ಕಡಿಮೆಯ ಇನ್ನೊಬ್ಬನೂ ಸೇರಿ ಒಂದು ಬ್ಯಾಂಡ್ ಕಟ್ಟಿದರು. ಹೆಸರು 'ಮೂರನೇ ಪಾಳಿ'. ರಾಜಶೇಖರ ಗಿಟಾರ್ ಹಿಡಿದು ಕಿರುಚುವುದು, ಮಂಜುನಾಥ ಬೇಸ್ ಗಿಟಾರ್, ವೀರೇಶ ಡ್ರಮ್ಸ್.

ಅವರು ನುಡಿಸುವುದಕ್ಕೆ ಥ್ರ್ಯಾಶ್ ಮೆಟಲ್ ಅನ್ನುತ್ತಾರಂತೆ. ಗರಗಸದಂಥ ಗಿಟಾರು, ಮಗ್ಗದಂಥ ಡ್ರಮ್ಮು, ಇಷ್ಟು ತಿಳಿದರೆ ಸಾಕು. ಅಂಗಡಿಯಲ್ಲಿ ಇವರ ಕ್ಯಾಸೆಟ್ ಸಿಗುವುದಿಲ್ಲ. ಇವರೇ ಮನೆಯಲ್ಲಿ ಕಾಪಿ ಮಾಡಿ, ಜೆರಾಕ್ಸ್ ಮಾಡಿದ ಕವರ್ ಹಾಕಿ, ಕಂಡು ಕೇಳರಿಯದ ದೇಶಗಳಿಗೆ ಅಂಚೆಯಲ್ಲಿ ಕಳಿಸುವುದು. ಅಲ್ಲಿಯವರು ತಮ್ಮದನ್ನು ಇಲ್ಲಿಗೆ ಕಳಿಸುವುದು. ಅಂಡರ್‌ಗ್ರೌಂಡ್ ಬ್ಯಾಂಡ್ ಎಂದರೆ ಇದು. ನಮ್ಮ ಓಣಿಯ ಪೋಸ್ಟ್‌ಮ್ಯಾನ್ ಒಮ್ಮೆ ಪೋಲೆಂಡಿನಿಂದ ಬಂದ ಲಕೋಟೆ ಹಿಡಿದು, "ಇವ್ರ ಸಂಬಂಧಿಕ್ರು ಅಲ್ಲೂ ಅದಾರೇನ್ರಿ?" ಎಂದು ನನ್ನನ್ನೇ ಕೇಳಿದ್ದ.

ಆ ಕಾಲದಲ್ಲಿ ಅವರ ವಿರುದ್ಧ ಓಣಿಯವರ ಸಹಿ ಸಂಗ್ರಹಿಸಿ ಅರ್ಜಿ ಕೊಟ್ಟವನೂ ನಾನೇ. ದಿನವಿಡೀ ಮಗ್ಗಗಳ ನಡುವೆ ನಿಂತು ಬಂದವನಿಗೆ ಮನೆಯ ಪಕ್ಕದಲ್ಲೂ ಮಗ್ಗ ಬೇಕೆ? ಹುಡುಗರು ಎದುರಾಡಲಿಲ್ಲ. ಸಾಮಾನು ಹೇರಿಕೊಂಡು ಕರೂರಿನ ಶೆಡ್ಡಿಗೆ ಹೋದರು. ಎರಡು ಕ್ಯಾಸೆಟ್ ಮಾಡಿದರು. ಆಮೇಲೆ ಮದುವೆ, ಮಕ್ಕಳು, ರಾಜಶೇಖರನಿಗೆ ಹರಿಹರದ ಕಾರ್ಖಾನೆಯಲ್ಲಿ ಕೆಲಸ. ಏಳು ವರ್ಷ ಸದ್ದಿಲ್ಲ. ಈಗ ಮತ್ತೆ ಸೇರಿದ್ದಾರೆ. ಹೊಸ ಕ್ಯಾಸೆಟ್ ಬಹುತೇಕ ಸಿದ್ಧ. ಲಕೋಟೆಗಳ ಮೇಲೆ ವಿಳಾಸ ಕೂಡ ಬರೆದಿಟ್ಟಿದ್ದಾರೆ.

ಹಾಗಾದರೆ ನನಗೇನು ಕೆಲಸ ಅಲ್ಲಿ?

ನಾನು ಗಿರಣಿಯಲ್ಲಿ ಜಾಬರ್ ಆಗಿದ್ದೆ. ಮಗ್ಗ ಕೆಟ್ಟರೆ ಸರಿಮಾಡುವವನು. ನೂರಾರು ಮಗ್ಗ ಒಟ್ಟಿಗೆ ಬಡಿಯುವ ಶೆಡ್ಡಿನಲ್ಲಿ ಪಕ್ಕದವನ ಮಾತು ಕೇಳಿಸದು. ಆದರೆ ಯಾವ ಸಾಲಿನ ಯಾವ ಮಗ್ಗದಲ್ಲಿ ಲಾಳಿ ಅರೆಕ್ಷಣ ತಡವಾಗಿ ಹೊಡೆಯುತ್ತಿದೆ ಎಂಬುದು ಜಾಬರ್‌ಗೆ ಬಾಗಿಲಲ್ಲೇ ಕೇಳಿಸಬೇಕು. ನನಗೆ ಕೇಳಿಸುತ್ತಿತ್ತು. (ಹೆಂಡತಿ ಅಡುಗೆಮನೆಯಿಂದ ಕರೆದದ್ದು ಕೇಳಿಸುವುದಿಲ್ಲ. ಅದು ಬೇರೆ ಮಾತು.) ಈ ಕಥೆಗಳನ್ನೆಲ್ಲ ಸ್ವತಃ ವೀರೇಶನೇ ಗೆಳೆಯರಿಗೆ ಹೇಳಿಕೊಂಡು ಬಂದಿದ್ದ, ನಮ್ಮ ಅಪ್ಪನ ಶೆಡ್ಡಿನಾಗ ಹಿಂಗೊಬ್ರು ಇದ್ರು ಎಂದು.

ಹೊಸ ಹಾಡುಗಳಲ್ಲಿ ಏನೋ ಸರಿಯಿಲ್ಲ ಎಂದು ರಾಜಶೇಖರನಿಗೆ ಅನ್ನಿಸುತ್ತಿತ್ತು. ಏನೆಂದು ಗೊತ್ತಾಗುತ್ತಿರಲಿಲ್ಲ. ಭಾನುವಾರ ಬೆಳಿಗ್ಗೆ ಮನೆಗೇ ಬಂದ. "ಕಾಕಾ, ಎಲ್ಲೋ ಕುಂಟ್ತೈತೆ. ಎಲ್ಲಿ ಅಂತ ಸಿಗವಲ್ದು. ನಿಮ್ಮ ಕಿವಿ ಒಂದೀಟು ಕೊಡ್ರಿ."

"ನಿಮ್ಮನ್ನ ಓಣಿ ಬಿಡಿಸಿದವ್ನು ನಾನು. ಮರ್ತೀಯೇನು?"

"ಅದಕ್ಕ ಬಂದೀನ್ರಿ. ನಮ್ಮ ಹಾಡು ಅಷ್ಟು ಲಕ್ಷ್ಯ ಕೊಟ್ಟು ಕೇಳ್ದಾರು ಈ ಊರಾಗ ನೀವೊಬ್ರೇ."

ಹೋದೆ. ನುಡಿಸಿದರು. ಒಪ್ಪಿಕೊಳ್ಳುತ್ತೇನೆ, ನನಗೆ ಅಚ್ಚರಿಯಾಯಿತು. ಹಿಂದೆ ಇವರ ಹಾಡು ಬೆಂಕಿ ಬಿದ್ದವರ ಹಾಗೆ ಓಡುತ್ತಿತ್ತು. ಶಬ್ದಗಳೂ ಇಂಗ್ಲಿಷಿನವು, ಯಾರ ಮೇಲೆ ಸಿಟ್ಟು ಎಂದೇ ತಿಳಿಯುತ್ತಿರಲಿಲ್ಲ. ಈಗ ಕನ್ನಡದಲ್ಲಿ ಹಾಡುತ್ತಾರೆ, ಮುಚ್ಚಿದ ಗಿರಣಿಯ ಮೇಲೆ. ಶುರುವಾಗುವುದೇ ನಿಧಾನ. ಪಾಳಿ ಬದಲಾಗುವಾಗ ಮಗ್ಗಗಳು ಒಂದರ ಹಿಂದೆ ಒಂದು ಎಚ್ಚರಗೊಳ್ಳುತ್ತಿದ್ದವಲ್ಲ, ಹಾಗೆ. ನಡುವೆ ಒಂದು ಕಡೆ ಎಲ್ಲವೂ ನಿಂತು, ಬರೀ ಡ್ರಮ್ಮು ಮೆಲ್ಲಗೆ ಬಡಿಯುತ್ತ ಕಾಯುತ್ತದೆ. ಆ ಕಾಯುವಿಕೆಯಲ್ಲಿ ನನ್ನ ಮೈ ಜುಮ್ಮೆಂದಿತು. ಮೂವತ್ತನಾಲ್ಕು ವರ್ಷ ನಾನು ನಿಂತ ಜಾಗ ಅದು.

ಮತ್ತು ಅಲ್ಲೇ ಕೇಳಿಸಿತು. ವೀರೇಶನ ಎರಡು ಕಾಲಿಗೂ ದೊಡ್ಡ ಡ್ರಮ್ಮು ಬಡಿಯುವ ಒಂದೊಂದು ಪೆಡಲ್. ಬಲಗಾಲು ಹೊತ್ತಿಗೆ ಸರಿಯಾಗಿ. ಎಡಗಾಲು ಕೂದಲೆಳೆಯಷ್ಟು ಹಿಂದೆ. ಒಂದು ಸಲ ಅಲ್ಲ, ಪ್ರತಿ ಸಲ. ಹಾಡು ಮುಗಿಯಿತು. ಮೂವರೂ ನನ್ನ ಮುಖ ನೋಡಿದರು. ಸರಿಯುತ್ತರ ಗೊತ್ತಿರುವ ಶಾಲೆಯ ಹುಡುಗನಂತೆ ನಾನು ಆ ಐದು ಪದ ಹೇಳಿಬಿಟ್ಟೆ.

ವೀರೇಶ ಎಡಗಾಲನ್ನು ಪೆಡಲ್ಲಿನಿಂದ ಹಿಂದಕ್ಕೆಳೆದುಕೊಂಡ. ರಾಜಶೇಖರ ಗಿಟಾರನ್ನು ಕೆಳಗಿಟ್ಟ.

"ಕಾಲಿಗೇನಾಗೈತೆ?"

ವೀರೇಶ ಡ್ರಮ್ಮಿನ ಕೋಲುಗಳನ್ನು ಜೋಡಿಸತೊಡಗಿದ.

"ಏ, ಕೇಳಾಕತ್ತೀನಿ. ಕಾಲಿಗೇನಾಗೈತೆ?"

ತಲೆ ತಗ್ಗಿಸಿಕೊಂಡು ತುಂಡು ತುಂಡಾಗಿ ಹೇಳಿದ. ಒಂದೂವರೆ ವರ್ಷದ ಹಿಂದೆ ಅಂಗಡಿಯಲ್ಲಿ ದೊಡ್ಡ ಮೋಟಾರೊಂದನ್ನು ಒಬ್ಬನೇ ಎತ್ತಲು ಹೋಗಿ ಸೊಂಟ ಹಿಡಿದಿತ್ತಂತೆ. ಸೊಂಟದ ನೋವು ಹೋಯಿತು, ಎಡಗಾಲಿನ ಬೆರಳುಗಳಿಗೆ ಜೋಮು ಬಂದದ್ದು ಹೋಗಲಿಲ್ಲ. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ಮತ್ತೆ ಬ್ಯಾಂಡ್ ಸೇರಿದಾಗ, "ನಮಗ ವಯಸ್ಸಾತು, ಸೌಂಡ್ ಬೆಳೀಬೇಕು, ಬರೇ ಓಡೋದಲ್ಲ, ಭಾರ ಬೇಕು" ಎಂದು ವಾದಿಸಿದವನು ವೀರೇಶ. ರಾಜಶೇಖರ ಮೊದಲು ಒಪ್ಪಲಿಲ್ಲ. ಆಮೇಲೆ ಮನಸ್ಸು ಕಲ್ಲು ಮಾಡಿಕೊಂಡು, ತಾನು ಬರೆದಿದ್ದ ಆರು ವೇಗದ ಹಾಡುಗಳನ್ನು ಪಕ್ಕಕ್ಕಿಟ್ಟ.

"ಅಂದ್ರ ಬೆಳವಣಿಗೆ, ಭಾರ, ಎಲ್ಲಾ ಬರೇ ನಿನ್ನ ಕಾಲಿನ ಕಥೆ?" ಎಂದ ರಾಜಶೇಖರ. ಸ್ಕೂಟರ್ ಕಿಕ್ ಮಾಡಿ ಹರಿಹರಕ್ಕೆ ಹೋದ. ಮಂಜುನಾಥ ವೈರು ಸುತ್ತಿದ. ವೀರೇಶ ಡ್ರಮ್ಮಿನ ಹಿಂದಿನಿಂದ ಏಳಲೇ ಇಲ್ಲ.

ನಾನು ಮನೆಗೆ ನಡೆದು ಬಂದೆ. ದಾರಿಯುದ್ದಕ್ಕೂ ಜೇಬು ತಡಕುತ್ತಿದ್ದೆ. ಏನು ಹುಡುಕುತ್ತಿದ್ದೇನೆ ಎಂದು ಮನೆ ಮುಟ್ಟಿದ ಮೇಲೆ ಹೊಳೆಯಿತು. ಸೀಮೆಸುಣ್ಣ!

ಗಿರಣಿಯಲ್ಲಿ ನಾವು ಯಾವ ನೇಕಾರನಿಗೂ ಬಾಯಿಬಿಟ್ಟು ತಪ್ಪು ಹೇಳುತ್ತಿರಲಿಲ್ಲ. ಆ ಸದ್ದಿನಲ್ಲಿ ಹೇಳಲು ಸಾಧ್ಯವೂ ಇರಲಿಲ್ಲ. ತಪ್ಪು ಕೇಳಿಸಿದ ಮಗ್ಗದ ಚೌಕಟ್ಟಿಗೆ, ಒಳಬದಿಯಲ್ಲಿ, ಸೀಮೆಸುಣ್ಣದಿಂದ ಒಂದು ಗೀಟು ಎಳೆದು ಮುಂದೆ ಹೋಗುವುದು. ನೇಕಾರ ಅದನ್ನು ನೋಡುತ್ತಾನೆ, ಮಗ್ಗ ನಿಲ್ಲಿಸುತ್ತಾನೆ, ಇಬ್ಬರೂ ಸೇರಿ ಸರಿಮಾಡುತ್ತೇವೆ, ಅವನೇ ಗೀಟು ಒರೆಸುತ್ತಾನೆ. ಪಕ್ಕದ ಮಗ್ಗದವನಿಗೂ ಗೊತ್ತಾಗುವುದಿಲ್ಲ. ವೀರೇಶನ ಅಪ್ಪನ ಮಗ್ಗಕ್ಕೂ ಎಷ್ಟೋ ಸಲ ಗೀಟು ಎಳೆದಿದ್ದೇನೆ. ಅವರ ಮಗನಿಗೆ ಮಾತ್ರ ಇಬ್ಬರ ಎದುರಿಗೆ ಬಾಯಿ ಬಿಟ್ಟೆ. ಸದ್ದಿಲ್ಲದ ಜಾಗದಲ್ಲಿ ನಾವು ಸಭ್ಯತೆಯನ್ನೂ ಮರೆಯುತ್ತೇವೆಯೆ?

ಬುಧವಾರ ಹರಿಹರದ ಬಸ್ ಹತ್ತಿದೆ. ಹನ್ನೊಂದೂವರೆಯ ಊಟ ಬಿಟ್ಟು! (ಮನೆಯವರು ಹೊಸಿಲಿಗೆ ಬಂದು ನಿಂತು ನೋಡಿದರು.) ರಾಜಶೇಖರ ಮೊದಲ ಪಾಳಿ ಮುಗಿಸಿ ಕಾರ್ಖಾನೆಯ ಗೇಟಿನಿಂದ ಹೊರಬಂದ. ಚಹಾದ ಅಂಗಡಿಯಲ್ಲಿ ಕುಳಿತೆವು.

"ಕಾಲು ಹೋದದ್ದಕ್ಕ ಸಿಟ್ಟಿಲ್ರಿ ಕಾಕಾ," ಎಂದ. "ಮೊದ್ಲ ಹೇಳಿದ್ರ, ಅವ್ನ ಕಾಲಿಗೆ ತಕ್ಕಂಗ ನಾನ ಹಾಡು ಕಟ್ತಿದ್ದೆ. ಅವ ನನಗ ತಿಂಗಳುಗಟ್ಲೆ ಭಾಷಣ ಮಾಡ್ದ. ನನ್ನ ಹಾಡು ಹುಡುಗಾಟದ್ದು ಅಂದ. ನಾನೂ ನಂಬಿದೆ ನೋಡ್ರಿ."

"ಹೊಸ ಹಾಡು ಹೆಂಗೈತೆ ಅನ್ನಿಸ್ತೈತೆ ನಿನಗ?"

ಅವನು ಲೋಟ ತಿರುಗಿಸಿದ. "ಅದ ತ್ರಾಸು. ನಾವು ಮಾಡಿದ್ರಾಗ ಅದ ಚಲೋ ಐತೆ."

"ಹಂಗಾದ್ರ?"

"ಅವ ಬಂದು ತಾನಾಗಿ ಬಾಯಿಬಿಟ್ಟು ಹೇಳ್ಲಿ. ಈ ಕಾಲಾಗ ಇಷ್ಟ ಆಗ್ತೈತೆ, ಹೆಚ್ಚು ಆಗಲ್ಲ ಅಂತ. ಭಾನುವಾರ ಶೆಡ್ಡಿಗೆ ಬರ್ತೀನಿ. ಹೇಳಿದ್ರ ಗಿಟಾರ್ ಹಿಡೀತೀನಿ. ಇಲ್ಲಾಂದ್ರ ಲಕೋಟೆ ಎಲ್ಲಾ ಅವ್ನೇ ಇಟ್ಗೊಳ್ಳಿ."

ಗುರುವಾರ ಸಂಜೆ ವೀರೇಶನನ್ನು ಮನೆಗೆ ಕರೆಸಿದೆ. ತಪ್ಪಾಯಿತು ಎಂದೆ. ರಾಜಶೇಖರನ ಷರತ್ತನ್ನೂ ಹೇಳಿದೆ. ಅವನು ತಲೆ ಅಲ್ಲಾಡಿಸಿದ.

"ಆಗಲ್ರಿ ಕಾಕಾ. ಕಾಲೇಜಿನಿಂದ್ಲೂ ಅವ್ನ ಹಿಂದ ಕುಂತು ಬಡಿದಾವ ನಾನು. ನನ್ನ ಕೈಲಿ ಆಗಲ್ಲ ಅನ್ನೋ ಮಾತು ಅವ್ನ ಮುಂದ ಬಾಯಾಗ ಬರಲ್ಲ."

"ಅದ್ರಾಗ ನಾಚಿಕೆ ಏನೈತೆ? ಇದ್ದದ್ದು ಇದ್ದಂಗ ಹೇಳಿದ್ರಾತು," ಎಂದೆ ನಾನು, ಜಾಬರ್ ಗತ್ತಿನಲ್ಲಿ.

ಒಳಗಿನಿಂದ ನನ್ನ ಹೆಂಡತಿ ಚಹಾ ತಂದರು. ವೀರೇಶನಿಗೆ ಒಂದು ಲೋಟ ಕೊಟ್ಟರು. ನನ್ನದನ್ನು ನನ್ನ ಬಲಗಡೆ ಇಟ್ಟರು. ಅಲ್ಲೇ ನಿಂತರು.

"ನೀವು ಹೇಳಿದ್ರೇನು?"

"ನಂದೇನೈತೆ ಹೇಳಾಕ?"

"ಸೈಕಲ್."

ನಾನು ಚಹಾ ಕುಡಿದೆ.

"ಎರಡು ವರ್ಷಾತು, ನಿಮ್ಮ ಲೋಟ ಬಲಗಡೀಗೇ ಇಡ್ತೀನಿ. ತಾಟು ಬಲಗಡೀಗೇ. ಪೇಪರ್ ಬಲಗಡೀಗೇ. ಯಾಕ ಅಂತ ಒಂದಿನಾನಾದ್ರೂ ಕೇಳೀರಾ? ನಾನು ಯಾರ ಮುಂದಾದ್ರೂ ಹೇಳೀನಾ?"

ಆ ಕ್ಷಣದವರೆಗೂ ಅದು ನನಗೆ ಗೊತ್ತಿರಲಿಲ್ಲ. ನನಗೆ ಕಾಣಲೆಂದು, ಬೇರೆ ಯಾರಿಗೂ ತಿಳಿಯದಂತೆ, ಎರಡು ವರ್ಷದಿಂದ ಈ ಮನೆಯಲ್ಲಿ ಯಾರೋ ಸೀಮೆಸುಣ್ಣದ ಗೀಟು ಎಳೆಯುತ್ತಲೇ ಇದ್ದರು. ಜಾಬರ್ ನಾನೋ, ಅವರೋ?

ವೀರೇಶ ಮೊದಲು ಅವರನ್ನು ನೋಡಿದ, ಆಮೇಲೆ ನನ್ನನ್ನು. ಭಾನುವಾರದಿಂದ ಮೊದಲ ಸಲ ನಕ್ಕ.

"ಹಂಗಾದ್ರ ಕಾಕಾ, ಮೊದ್ಲು ನೀವು ಹೇಳ್ರಿ. ಆಮೇಲೆ ನಾನು."

"ಹೇಳಿದಂಗಾತಲ್ಲ ಈಗ."

"ನಂದು ಇಬ್ರ ಮುಂದ ಹೇಳಿದ್ರಿ. ನಿಮ್ದು ಮನಿಯಾಗ ಹೇಳಿದ್ರ ಹೆಂಗ? ಪೇಪರಿನಾಗ ಬರೀರಿ. ನಂದೂ ಬರೀರಿ, ಅಡ್ಡಿಯಿಲ್ಲ."

ಹುಡುಗನ ಲೆಕ್ಕ ಸರಿಯಾಗಿತ್ತು.

ಎರಡು ವರ್ಷದ ಹಿಂದೆ, ಇದೇ ಅಂಕಣದಲ್ಲಿ, ನಾನು ಸೈಕಲ್ ಬಿಟ್ಟು ನಡಿಗೆ ಹಿಡಿದದ್ದರ ಬಗ್ಗೆ ಬರೆದಿದ್ದೆ. ನೆನಪಿದೆಯೆ? ಉಸಿರು, ರಕ್ತ ಸಂಚಾರ, ದಾರಿಯ ಮರಗಳು, ಎದುರಾಗುವ ಮನುಷ್ಯರು ಎಂದೆಲ್ಲ ಉಪದೇಶ ಮಾಡಿದ್ದೆ. ಸುಮಾರು ಪತ್ರಗಳು ಬಂದವು. ನಂದಿಗುಡಿಯ ಓದುಗರೊಬ್ಬರು ನನ್ನ ಮಾತು ನಂಬಿ ತಮ್ಮ ಸೈಕಲ್ಲನ್ನೇ ಮಾರಿಬಿಟ್ಟೆ ಎಂದು ಬರೆದಿದ್ದರು. ನಾನು ಅವರಿಗೆ ಅಭಿನಂದನೆಯ ಕಾರ್ಡು ಹಾಕಿದೆ!

ನಾವೆಲ್ಲ ಹೀಗೇ ಅಲ್ಲವೆ? ಹಲ್ಲಿಗೆ ಆಗದ್ದನ್ನು ಪಥ್ಯ ಎನ್ನುತ್ತೇವೆ. ಮೆಟ್ಟಿಲು ಹತ್ತಲಾಗದ್ದಕ್ಕೆ ವೈರಾಗ್ಯ ಎನ್ನುತ್ತೇವೆ. ವೀರೇಶ ಬೆಳವಣಿಗೆ ಎಂದ, ನಾನು ಆರೋಗ್ಯ ಎಂದೆ. ಅವನ ಸುಳ್ಳಿನಿಂದ ಕೊನೆಗೂ ಒಂದು ಒಳ್ಳೆಯ ಹಾಡು ಹುಟ್ಟಿತು. ನನ್ನದರಿಂದ ನಂದಿಗುಡಿಯ ಒಬ್ಬ ಸಜ್ಜನ ಬಿಸಿಲಲ್ಲಿ ನಡೆಯುತ್ತಿದ್ದಾರೆ.

ಇನ್ನೊಂದು ಮಾತು. ಲಾಳಿ ತಡವಾದ ಮಗ್ಗದ ಬಟ್ಟೆಯಲ್ಲಿ ಅಲ್ಲಲ್ಲಿ ತೆಳ್ಳಗೊಂದು ಪಟ್ಟಿ ಬೀಳುತ್ತದೆ. ಅದನ್ನು ಸೆಕೆಂಡ್ಸ್ ಎಂದು ಬೇರೆ ಇಡುತ್ತಿದ್ದೆವು. ಮೇಲಿನವರು ಅದನ್ನು ಮುಟ್ಟುತ್ತಿರಲಿಲ್ಲ. ಗಿರಣಿಯ ನಾವೆಲ್ಲ ಉಟ್ಟದ್ದು ಅದನ್ನೇ. ನನ್ನ ಮದುವೆಯ ಪಂಚೆಯೂ ಅದೇ. ಇವತ್ತಿಗೂ ಹರಿದಿಲ್ಲ. ರಾಜಶೇಖರ ಇದನ್ನು ಓದುತ್ತಿದ್ದರೆ ಈ ಸಾಲುಗಳು ಅವನಿಗೆ.

ಈ ಅಂಕಣ ನಿಮ್ಮ ಕೈ ಸೇರುವುದು ಶನಿವಾರ. ನಾಳೆ ಬೆಳಿಗ್ಗೆ ಹತ್ತಕ್ಕೆ ಮೂವರೂ ಕರೂರಿನ ಶೆಡ್ಡಿನಲ್ಲಿರುತ್ತಾರೆ. ನಾನು ಹೋಗುವುದಿಲ್ಲ. ಹೋದರೆ ಮತ್ತೆ ಏನಾದರೂ ಕೇಳಿಸುತ್ತದೆ.

ಆದ್ದರಿಂದ ಇವತ್ತೇ, ಊರಿನ ಮುಂದೆ: ನಾನು ಸೈಕಲ್ ಬಿಟ್ಟದ್ದು ಆರೋಗ್ಯಕ್ಕಲ್ಲ. ನನ್ನ ಎಡಗಣ್ಣು ಹೋಗಿದೆ. ಊರು ಜಿಲ್ಲಾ ಕೇಂದ್ರವಾದ ಮೇಲೆ ಪಿ.ಬಿ. ರಸ್ತೆಯಲ್ಲಿ ತುಂಬಿಕೊಂಡಿರುವ ಲಾರಿಗಳಲ್ಲಿ ಎಡಗಡೆಯಿಂದ ಬರುವುದೊಂದೂ ನನಗೆ ಕಾಣುವುದಿಲ್ಲ. ಹೆದರಿ ಬಿಟ್ಟೆ.

ನನ್ನದು ಹೇಳಿಯಾಯಿತು ವೀರೇಶ. ನಿನ್ನದು?