ನಡು ಬಗ್ಗಿಸುವ ಟ್ರ್ಯಾಕ್ಟರ್

ಕೊರೋನಾ ಕಾಲದ ಒಂದು ಚಳಿಗಾಲ ಜಪಾನಿನ ನೋಮಿಯಲ್ಲಿ ಸೊಂಟದೆತ್ತರ ಹಿಮ ಬಿತ್ತು. ಬೆನ್ನು ಹಿಡಿದುಕೊಂಡಿದ್ದ ನಮ್ಮ ಬಾಡಿಗೆ ಮನೆಯ ಒಡತಿಯ ಬಾಗಿಲಿಗೆ ದಾರಿ ಮಾಡಿಕೊಡಲು ಹಿಮ ತಳ್ಳುವ ಅವರದೇ ಪುಟ್ಟ ಟ್ರ್ಯಾಕ್ಟರ್ ಹತ್ತಿದೆ. ಅದು ಚಕ್ರ ತಿರುಗಿಸುವ ಬದಲು ನಡುವನ್ನೇ ಬಗ್ಗಿಸಿ ತಿರುಗುವ ಜಾತಿಯದು. ಸ್ಟಿಯರಿಂಗ್ ಮುಟ್ಟಿದರೆ ಸಾಕು, ಮುಂಭಾಗ ಒಂದು ಕಡೆ, ನಾನು ಕೂತ ಹಿಂಭಾಗ ಇನ್ನೊಂದು ಕಡೆ. ಮಾಸ್ಕಿನಿಂದಾಗಿ ಕನ್ನಡಕವೂ ಮಂಜಾಗಿತ್ತು.

"ರೀ, ಸ್ಟ್ರೈಟಾಗಿ ಹೋಗಿ," ಎಂದು ಹೆಂಡತಿ ಕಿಟಕಿಯಿಂದ ಕೂಗಿದಳು.

"ನಾನು ಸ್ಟ್ರೈಟಾಗೇ ಇದೀನಿ ಕಣೆ, ಗಾಡಿ ಬೆಂಡಾಗ್ತಿದೆ," ಎಂದೆ.

ಕೊನೆಗೆ ನಾನು ಮಾಡಿದ ದಾರಿ ತಲುಪಿದ್ದು ಪಕ್ಕದ ಮನೆಯ ಬಾಗಿಲಿಗೆ. ಸೋಂಕಿನ ಭಯಕ್ಕೆ ತಿಂಗಳುಗಟ್ಟಲೆ ಮುಖ ತೋರಿಸದಿದ್ದ ಅಲ್ಲಿನ ವೃದ್ಧರು ಹೊರಬಂದು, "ಅರಿಗಾತೋ" ಎಂದು ಧನ್ಯವಾದ ಹೇಳಿ ಸೊಂಟ ಬಗ್ಗಿಸಿ ವಂದಿಸಿದರು. ನಾನೂ ಬಗ್ಗಿದೆ. ಎದೆ ಸ್ಟಿಯರಿಂಗಿಗೆ ತಾಗಿ ಟ್ರ್ಯಾಕ್ಟರೂ ಪಕ್ಕಕ್ಕೆ ಬಗ್ಗಿತು. ಅವರು ಗಂಭೀರವಾಗಿ ಅದಕ್ಕೂ ಒಮ್ಮೆ ವಂದಿಸಿದರು.

ಮನೆಯೊಡತಿಯ ದಾರಿಗೆ ಮಧ್ಯಾಹ್ನ ಸಲಿಕೆ ಹಿಡಿದೆ.